ಹೊಳೆಯ ಮೊಳೆಗೆ ಅವ್ವನ ಬಿಲ್ಲೆ

ನಮ್ಮ ಮನೆ ನಡೆಯುತ್ತಿದ್ದದ್ದು ಬಸ್ಸಿನ ವೇಳೆಗೆ. ಗೋಡೆಯ ಮೇಲೆ ಗಡಿಯಾರ ಇರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಅಪ್ಪ ಜಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟನಾಗಿದ್ದ. ಸ್ಟ್ಯಾಂಡಿನ ಹಿಂದಿನ ಓಣಿಯಲ್ಲೇ ನಮ್ಮ ಮನೆ. ಚಳ್ಳಕೆರೆ ಬಸ್ಸು ಕೆಮ್ಮುತ್ತ ಎದ್ದಾಗ ಅಂಗಳಕ್ಕೆ ಸಗಣಿ ನೀರು ಬಿದ್ದಿರಬೇಕು. ದಾವಣಗೆರೆಯ ಮೊದಲ ಬಸ್ಸು ಹೊರಡುವ ಮುಂಚೆ ಅಪ್ಪನ ತಾಟಿನಲ್ಲಿ ಬಿಸಿ ರೊಟ್ಟಿ, ಪಕ್ಕದಲ್ಲಿ ಶೇಂಗಾ ಚಟ್ನಿಪುಡಿ, ಪುಡಿಯ ನಡುವೆ ಎಣ್ಣೆಗೆಂದು ಬೆರಳಲ್ಲಿ ಮಾಡಿದ ಗುಳಿ ಇರಬೇಕು. ಹಾಸಿಗೆ ಸುತ್ತಿ ಇಡುವ ಮೂಲೆ ಒಂದೇ, ಚೊಂಬು ಬೋರಲು ಹಾಕುವ ಕಟ್ಟೆ ಒಂದೇ, ಚಪ್ಪಲಿ ಬಿಡುವ ಕಲ್ಲು ಒಂದೇ. ತಪ್ಪಿದರೆ ಅಪ್ಪ ಬೈಯುತ್ತಿರಲಿಲ್ಲ. ಕೊರಳಲ್ಲಿ ತೂಗುತ್ತಿದ್ದ ಸೀಟಿಯನ್ನು ಬಾಯಿಗಿಟ್ಟು ಒಂದು ಸಲ ಊದುತ್ತಿದ್ದ, ಮನೆಯೊಳಗೇ. ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ಬೆಚ್ಚಿ ಬಿದ್ದು, ಕುಟ್ಟಣಿ ಎತ್ತಿ ತೋರಿಸುತ್ತಿದ್ದಳು.

"ನಾನೇನು ನಿನ್ನ ಪ್ಯಾಸೆಂಜರೇನೋ? ಹೆತ್ತೋಳು ಕಣೋ! ಇನ್ನೊಂದು ಸಲ ಊದು, ಇದನ್ನ ಬಾಯಿಗೆ ಹಾಕಿ ಕುಟ್ತೀನಿ."

ನಾನು ಇಂದಿಗೂ ಚಪ್ಪಲಿಯನ್ನು ಜೋಡಿಸಿಯೇ ಒಳಗೆ ಬರುವವಳು. ಚನ್ನಗಿರಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದಾಗ ನನ್ನನ್ನು ಮಕ್ಕಳು 'ಬೆಲ್ ಮೇಡಂ' ಎಂದು ಹಿಂದಿನಿಂದ ಕರೆಯುತ್ತಿದ್ದರೆಂದು ನನಗೆ ಗೊತ್ತಿತ್ತು. ಅದು ಆ ಸೀಟಿಯ ಫಲ ಎಂದು ಕೆಲವರಿಗೆ ನಾನೇ ಹೇಳಿದ್ದುಂಟು. ಪೂರ್ತಿ ನಿಜವಲ್ಲ. ನನ್ನನ್ನು ತಿದ್ದಿದ್ದು ಸೀಟಿಯಲ್ಲ, ಅಡುಗೆಮನೆಯ ಗೋಡೆಗೆ ತೂಗಿದ್ದ ಒಂದು ಹಲಗೆ. ಆ ಹಲಗೆ ಬಂದದ್ದು ಸೀಟಿ ಕೇಳಿಸದ ಒಬ್ಬಳಿಗಾಗಿ. ಅವಳು ನನ್ನ ತಂಗಿ ನೀಲಿ.

ನೀಲಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ಎಲ್ಲವೂ ಸದ್ದಿನ ಮೇಲೆ ನಡೆಯುವ ಮನೆಯಲ್ಲಿ ಅವಳಿಗೆ ಯಾವುದಕ್ಕೂ ಮುನ್ಸೂಚನೆ ಇರಲಿಲ್ಲ. ಇದ್ದಕ್ಕಿದ್ದಂತೆ ಅಪ್ಪ ಎದ್ದು ಹೊರಗೆ ನಡೆಯುತ್ತಿದ್ದ. ಇದ್ದಕ್ಕಿದ್ದಂತೆ ನಾನು ಪಾಟಿಚೀಲ ಹೆಗಲಿಗೆ ಹಾಕುತ್ತಿದ್ದೆ. ಎಲ್ಲಿಗೆ, ಏಕೆ, ಮರಳಿ ಬರುತ್ತಾರೋ ಇಲ್ಲವೋ, ಅವಳಿಗೆ ಹೇಳುವವರು ಯಾರು? ಹೊಸ್ತಿಲು ದಾಟಿದವರೆಲ್ಲ ಇಲ್ಲವಾದರೆಂದೇ ಅವಳು ತಿಳಿಯುತ್ತಿದ್ದಳು. ಕಾಲಿಗೆ ಸುತ್ತಿಕೊಂಡು, ನೆಲಕ್ಕೆ ಹಣೆ ಚಚ್ಚಿಕೊಂಡು ಅಳುತ್ತಿದ್ದಳು. ಅವ್ವ ಬಾವಿಗೆ ಹೋಗಿ ಬರುವಷ್ಟರಲ್ಲಿ ಅವಳ ಮುಖ ಊದಿರುತ್ತಿತ್ತು. ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ ಮೇಷ್ಟ್ರು ಅವಳ ಕಿವಿಯ ಹಿಂದೆ ಚಪ್ಪಾಳೆ ತಟ್ಟಿ ನೋಡಿ, ಮನೆಯಲ್ಲೇ ಇರಲಿ ಬಿಡ್ರಿ ಎಂದು ಕಳಿಸಿದರು.

ಒಂದು ದಿನ ಅಪ್ಪ ಹಳೆಯ ನಾಮಫಲಕವೊಂದನ್ನು ಸೌದೆಗೆಂದು ಹೊತ್ತು ತಂದ. ಬಸ್ಸಿನ ಹಣೆಗೆ ತೂಗುಹಾಕುವ, ಊರುಗಳ ಹೆಸರು ಬರೆದ ಉದ್ದನೆಯ ಹಲಗೆ. ಜಗಳೂರು, ದಾವಣಗೆರೆ, ಹೊನ್ನಾಳಿ, ನ್ಯಾಮತಿ ಎಂದು ಅದರ ಮೇಲಿತ್ತು. ಒಂದು ತುದಿ ಸೀಳಿತ್ತು. ಅವ್ವನ ತವರು ಹೊನ್ನಾಳಿ. ಆ ಅಕ್ಷರಗಳನ್ನು ನೋಡಿದ್ದೇ ಅವಳು ಎದ್ದು ಬಂದಳು.

"ಒಲಿಗೆ ಹಾಕಬ್ಯಾಡ್ರಿ ಅದನ್ನ. ನಂಗೆ ಬೇಕು."

"ಏನ್ಮಾಡ್ತೀಯ? ಮನಿಯಾಗೆ ಬಸ್ಸು ಬಿಡ್ತೀಯೇನು?"

"ಹೂಂ ರೀ, ಬಿಡ್ತೀನಿ. ನಿಮ್ಮ ಬಸ್ಸಿಗಿಂತ ಟೈಮಿಗೆ ಸರಿಯಾಗಿ ಬಿಡ್ತೀನಿ, ನೋಡ್ತಿರ್ರಿ."

ಅವ್ವ ಹಲಗೆಯನ್ನು ತಿರುಗಿಸಿ ಬೆನ್ನಿಗೆ ಸುಣ್ಣ ಬಳಿದಳು. ಒಣಗಿದ ಮೇಲೆ ಕೆಮ್ಮಣ್ಣು ಕಲಸಿ, ಕಡ್ಡಿಗೆ ಬಟ್ಟೆ ಸುತ್ತಿ ಚಿತ್ರಗಳನ್ನು ಬರೆದಳು. ಒಂದು ಒಲೆ. ಒಂದು ಬಸ್ಸು. ನನ್ನ ಶಾಲೆಯ ಗಂಟೆ. ಒಂದು ಬಾವಿ. ಕೊನೆಯಲ್ಲಿ ಮೂರು ಬಳುಕು ಗೆರೆಗಳ ಹೊಳೆ, ಅಂದರೆ ಹೊನ್ನಾಳಿ. ಪ್ರತಿ ಚಿತ್ರದ ಕೆಳಗೆ ಮೊಳೆಗಳನ್ನು ಹೊಡೆದಳು. ಟಿಕೆಟ್ ಪುಸ್ತಕಗಳ ಹಿಂದಿನ ದಪ್ಪ ರಟ್ಟನ್ನು ದುಂಡಗೆ ಕತ್ತರಿಸಿ, ತೂತು ಮಾಡಿ, ದಾರ ಕಟ್ಟಿ, ಮನೆಯ ಒಬ್ಬೊಬ್ಬರಿಗೂ ಒಂದೊಂದು ಬಿಲ್ಲೆ ಮಾಡಿದಳು. ಅಪ್ಪನ ಬಿಲ್ಲೆಯ ಮೇಲೆ ಸೀಟಿ, ಅಜ್ಜಿಯದರ ಮೇಲೆ ಕುಟ್ಟಣಿ, ನನ್ನದರ ಮೇಲೆ ಪಾಟಿ, ಅವ್ವನದರ ಮೇಲೆ ಒಂದು ರೊಟ್ಟಿ, ರೊಟ್ಟಿಯ ಮೇಲೆ ತಟ್ಟುವ ಐದು ಬೆರಳು. ನೀಲಿಗೆ ಏನು ಬರೆಯಲಿ ಎಂದು ಅವ್ವ ಖಾಲಿ ರಟ್ಟು ಹಿಡಿದು ಅವಳ ಮುಖ ನೋಡಿದಳು. ಓಣಿಯಲ್ಲಿ ಆಗಷ್ಟೇ ಕುರಿಹಿಂಡು ಹಾದುಹೋಗುತ್ತಿತ್ತು. ನೀಲಿ ಅವ್ವನ ಕೈಹಿಡಿದು ಹೊರಗೆಳೆದು ಕುರುಬರ ಹೆಗಲ ಮೇಲಿದ್ದ ಮರಿಯನ್ನು ತೋರಿಸಿದಳು. ತನ್ನ ಚಿತ್ರವನ್ನು ತಾನೇ ಆರಿಸಿಕೊಂಡವಳು ಮನೆಯಲ್ಲಿ ಅವಳೊಬ್ಬಳೇ.

ಹಲಗೆಯನ್ನು ಅಡುಗೆಮನೆಗೂ ನಡುಮನೆಗೂ ನಡುವಿನ ಗೋಡೆಗೆ, ನೀಲಿಯ ಕೈಗೆ ಎಟುಕುವಷ್ಟು ಕೆಳಗೆ ತೂಗುಹಾಕಿದರು. ಕಾನೂನು ಒಂದೇ. ಮನೆಯಲ್ಲಿದ್ದರೆ ನಿನ್ನ ಬಿಲ್ಲೆ ಒಲೆಯ ಮೊಳೆಗೆ. ಹೊರಗೆ ಹೊರಟರೆ ನಿನ್ನ ಕೈಯಾರೆ ಅದನ್ನು ತೆಗೆದು, ಹೋಗುವ ಜಾಗದ ಮೊಳೆಗೆ ಹಾಕಿ ಹೋಗಬೇಕು. ಬಂದ ಕೂಡಲೇ ಕಾಲು ತೊಳೆಯುವ ಮುಂಚೆ ಒಲೆಗೆ ಮರಳಿಸಬೇಕು. ನೀಲಿ ಎರಡು ಮೂರು ದಿನ ಬರೀ ನೋಡಿದಳು. ಅಪ್ಪನ ಸೀಟಿ ಬಸ್ಸಿನ ಮೊಳೆಗೆ ಹೋಗುತ್ತದೆ, ಅಪ್ಪ ಕಾಣುವುದಿಲ್ಲ. ಅಪ್ಪ ಬರುತ್ತಾನೆ, ಸೀಟಿ ಒಲೆಗೆ ಬರುತ್ತದೆ. ಆಮೇಲೆ ಅಳು ನಿಂತಿತು. ಅಳುವ ಬದಲು ಅವಳು ಕಾವಲಿಗೆ ನಿಂತಳು. ಒಂದು ಬೆಳಿಗ್ಗೆ ಅಪ್ಪ ಅವಸರದಲ್ಲಿ ಬಿಲ್ಲೆ ಮುಟ್ಟದೆ ಹೊರಟ. ನೀಲಿ ಬಾಗಿಲಿಗೆ ಎರಡೂ ಕೈ ಅಡ್ಡ ಚಾಚಿ ನಿಂತಳು.

"ಏನವ್ವಾ, ಟಿಕೆಟ್ ತಗಳ್ದೆ ಬಿಡಾಕಿಲ್ವಾ?" ಎಂದು ಅಪ್ಪ ಗೊಣಗುತ್ತ ಹಿಂದಿರುಗಿ ಬಿಲ್ಲೆ ಬದಲಿಸಿದ. ಅಜ್ಜಿಗೆ ಅಂದು ದೊಡ್ಡ ಹಬ್ಬ.

"ಊರಿಗೆಲ್ಲ ಸೀಟಿ ಹೊಡೆಯೋನಿಗೆ ಸೀಟಿ ಹೊಡೆಯೋಳು ಹುಟ್ಯಾಳೆ. ಬೇಕಿತ್ತು ಇವಂಗೆ!"

ಕಲಿಸುವುದನ್ನೇ ಬದುಕು ಮಾಡಿಕೊಂಡ ಮೇಲೆ ಆ ಹಲಗೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ನನ್ನ ತರಗತಿಯ ಗೋಡೆಗಳ ಮೇಲೂ ಚಿತ್ರಪಟಗಳಿದ್ದವು: ಹಣ್ಣು, ಹೂವು, ಪ್ರಾಣಿ. ಮಕ್ಕಳು ಮೊದಲ ವಾರ ನೋಡುತ್ತಾರೆ, ಆಮೇಲೆ ಅದು ಗೋಡೆಯೇ ಆಗಿಬಿಡುತ್ತದೆ. ಅವ್ವನ ಹಲಗೆ ಗೋಡೆಯಾಗಲಿಲ್ಲ, ಏಕೆಂದರೆ ಅದನ್ನು ಮುಟ್ಟಬೇಕಿತ್ತು, ಮುಟ್ಟಿದರೆ ಅದು ಉತ್ತರ ಕೊಡುತ್ತಿತ್ತು. ನೀಲಿ ಪಾಟಿಯ ಬಿಲ್ಲೆಯನ್ನು ಗಂಟೆಯ ಮೊಳೆಯ ಹತ್ತಿರ ಹಿಡಿದು ಅವ್ವನ ಮುಖ ನೋಡುವಳು: ಅಕ್ಕ ಶಾಲೆಗೆ ಹೋಗುತ್ತಾಳಾ? ಭಾನುವಾರವಾದರೆ ಅವ್ವ ಇಲ್ಲವೆಂದು ತಲೆಯಾಡಿಸಿ ಬಿಲ್ಲೆಯನ್ನು ಒಲೆಗೇ ಹಾಕುವಳು. ಅದು ನೀಲಿ ಜೀವನದಲ್ಲಿ ಕೇಳಿದ ಮೊದಲ ಪ್ರಶ್ನೆ. ಪ್ರಶ್ನೆ ಬಂದ ಮೇಲೆ ಕೀಟಲೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. ಅಜ್ಜಿ ಒಲೆಯ ಮುಂದೆ ಕೂತಿರುವಾಗಲೇ ನೀಲಿ ಕುಟ್ಟಣಿಯ ಬಿಲ್ಲೆಯನ್ನು ಬಾವಿಯ ಮೊಳೆಗೆ ಸಿಕ್ಕಿಸಿ, ಬಾಯಿಗೆ ಲಂಗ ಅಡ್ಡ ಹಿಡಿದು ಕಾಯುತ್ತಿದ್ದಳು.

"ಅಯ್ಯಯ್ಯೋ, ನನ್ನ ಬಾವಿಗೆ ಹಾಕ್ಯಾಳೆ ನೋಡ್ರಪ್ಪೋ! ಬದುಕಿದ್ದಂಗೆ ಬಾವಿಗೆ ಹಾಕ್ಯಾಳೆ!" ಎಂದು ಅಜ್ಜಿ ಎದೆ ಬಡಿದುಕೊಳ್ಳುವಳು. ನೀಲಿ ನೆಲದ ಮೇಲೆ ಉರುಳಿ ನಗುವಳು. ಇಲ್ಲದ್ದನ್ನು ಇದೆ ಎಂದು ಹೇಳಿ ನಗಿಸಬಹುದೆಂಬುದನ್ನು ಅವಳು ಮಾತಿಲ್ಲದೆ ಕಂಡುಕೊಂಡಳು.

ಅಕ್ಷರವೂ ಹಾಗೆಯೇ ಬಂತು. ಅವ್ವ ಬಿಲ್ಲೆಗಳ ಬೆನ್ನಿಗೆ ಹೆಸರು ಬರೆದಳು. ಮೊದಲು ಚಿತ್ರ ಮುಂದೆ, ಅಕ್ಷರ ಹಿಂದೆ. ಆಮೇಲೆ ಅಕ್ಷರ ಮುಂದೆ, ಚಿತ್ರ ಹಿಂದೆ. ನೀಲಿ ತಿರುಗಿಸಿ ನೋಡಿ ಖಾತ್ರಿ ಮಾಡಿಕೊಳ್ಳುವಳು. ತಿರುಗಿಸುವುದು ಬರಬರುತ್ತ ಕಡಿಮೆಯಾಯಿತು. ಹಲಗೆಯ ಚಿತ್ರಗಳ ಮೇಲೂ ಹೆಸರುಗಳು ಬಂದವು. ಹೊಳೆಯ ಮೇಲೆ 'ಹೊನ್ನಾಳಿ' ಎಂದು ಬರೆದ ವಾರದಲ್ಲೇ, ಅಪ್ಪನಿಗೆ ಬುತ್ತಿ ಕೊಡಲು ನನ್ನ ಜೊತೆ ಸ್ಟ್ಯಾಂಡಿಗೆ ಬಂದವಳು ನಿಂತ ಬಸ್ಸೊಂದರ ಹಣೆಯನ್ನು ನೋಡಿ ಕಲ್ಲಾದಳು. ನನ್ನ ರಟ್ಟೆ ಹಿಡಿದು ಜಗ್ಗಿ, ಫಲಕ ತೋರಿಸಿ, ಗಾಳಿಯಲ್ಲಿ ಮೂರು ಬಳುಕು ಗೆರೆ ಎಳೆದಳು. ಅಪ್ಪ ಟಿಕೆಟ್ ಪುಸ್ತಕ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತವನು, ಆ ಬಸ್ಸಿನ ಕಂಡಕ್ಟರ್ ಬಸಣ್ಣನನ್ನು ಕೂಗಿ ಕರೆದ.

"ಲೇ ಬಸಣ್ಣ, ಬಾರೋ ಇಲ್ಲಿ. ನನ್ನ ಮಗಳು ಬೋರ್ಡ್ ಓದಿದ್ಲು ಕಣೋ!"

ಅಪ್ಪನ ಕಣ್ಣಲ್ಲಿ ನೀರು ನೋಡಿದ್ದು ಅಂದೇ ಮೊದಲು.

ಈಚೆಗೆ ನ್ಯಾಮತಿಯ ಒಂದು ಶಾಲೆಗೆ ಹೋಗಿದ್ದೆ. ನನ್ನ ಹಳೆಯ ವಿದ್ಯಾರ್ಥಿನಿ ರೇಖಾ ಅಲ್ಲಿ ಟೀಚರ್. ಗೋಡೆಯ ಮೇಲೆ ಬೆಳಗುವ ದೊಡ್ಡ ಪರದೆ. ಮಕ್ಕಳು ಅದರ ಮೇಲಿನ ಚಿತ್ರವನ್ನು ಬೆರಳಿನಿಂದ ಎಳೆದು ಇನ್ನೊಂದು ಕಡೆ ಇಟ್ಟರೆ ಅದು ಅಲ್ಲೇ ಕೂರುತ್ತದೆ, ತಪ್ಪಾದರೆ ಹಿಂದಕ್ಕೆ ಜಾರುತ್ತದೆ. ಕಿವಿ ಕೇಳಿಸದ ಒಂದು ಹುಡುಗಿ ಬಂದು ಅಜ್ಜಿಯ ಚಿತ್ರವನ್ನು ಎಳೆದು ಮನೆಯೊಳಗೆ ಇಟ್ಟಳು, ದನವನ್ನು ಕೊಟ್ಟಿಗೆಯೊಳಗೆ ಇಟ್ಟಳು, ಕೂಡಲೇ ಹಿಂದಿರುಗಿ ನನ್ನ ಮುಖ ನೋಡಿದಳು. ಆ ನೋಟ ನನಗೆ ಗೊತ್ತು. ಒಳ್ಳೆಯದು, ಬಹಳ ಒಳ್ಳೆಯದು ಎಂದೆ. ಮನಸ್ಸಾರೆ ಹೇಳಿದೆ. ನಂತರ ಒಂದು ಪ್ರಶ್ನೆ ಬಾಯಿಗೆ ಬಂದುಬಿಟ್ಟಿತು.

"ರೇಖಾ, ಇದರಾಗೆ ಸತ್ತೋರನ್ನ ಎಲ್ಲಿ ಇಡ್ತೀಯಮ್ಮ?"

ಅವಳು ತಬ್ಬಿಬ್ಬಾದಳು. "ಅಂಥದ್ದು ಇಲ್ರಿ ಮೇಡಂ. ಸಣ್ಣ ಮಕ್ಕಳಿಗೆ ಯಾಕ್ರಿ ಅದು?"

ಏಕೆ ಎಂದು ಆ ಮಕ್ಕಳ ಮುಂದೆ ನಿಂತು ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ಅವ್ವ ಆಗೀಗ ತವರಿಗೆ ಹೋಗುತ್ತಿದ್ದಳು. ಒಮ್ಮೆ ನಮ್ಮಿಬ್ಬರನ್ನೂ ಕರೆದೊಯ್ದಿದ್ದಳು. ನೀರೆಂದರೆ ಬಾವಿಯ ತಳದಲ್ಲಿ ಹೊಳೆಯುವ ಚೂರು ಎಂದುಕೊಂಡಿದ್ದ ನೀಲಿ ಹೊನ್ನಾಳಿಯ ಹೊಳೆಯನ್ನು ನೋಡಿ, ಗಾಳಿಯಲ್ಲಿ ಬಳುಕು ಗೆರೆ ಎಳೆಯುತ್ತಲೇ ಇದ್ದಳು. ಅವ್ವನ ತಂಗಿ ಸರೋಜ ಚಿಗವ್ವ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನೀರಿಗಿಳಿಸಿದ್ದಳು. ಒಬ್ಬಳೇ ಹೋಗುವಾಗ ಅವ್ವ ರೊಟ್ಟಿಯ ಬಿಲ್ಲೆಯನ್ನು ಹೊಳೆಯ ಮೊಳೆಗೆ ಹಾಕಿ, ಎರಡು ಅಂಗೈ ಜೋಡಿಸಿ ಕೆನ್ನೆಗಿಟ್ಟು ಕಣ್ಣು ಮುಚ್ಚುವಳು, ಮತ್ತೆ ತೆರೆಯುವಳು. ಮಲಗಿ ಏಳು, ಬಂದಿರುತ್ತೇನೆ ಎಂದರ್ಥ. ಹೇಳಿದಂತೆ ಮರುದಿನ ಸಂಜೆಯ ಹೊನ್ನಾಳಿ ಬಸ್ಸಿಗೆ ಬಂದು ಇಳಿಯುವಳು. ಆ ಬಿಲ್ಲೆಯನ್ನು ಒಲೆಗೆ ಮರಳಿಸುವ ಹಕ್ಕು ಮಾತ್ರ ನೀಲಿಯದು, ಅವ್ವನಿಗೂ ಇರಲಿಲ್ಲ. ಹೀಗೆ ಹೊಳೆಯ ಮೊಳೆ ನೀಲಿಗೆ ಕೊಟ್ಟ ಮಾತನ್ನು ಒಮ್ಮೆಯೂ ತಪ್ಪಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅವ್ವನಿಗೆ ಜ್ವರ ಬಂತು. ಕಷಾಯ ಕುಡಿಸಿದರು, ಊರ ಡಾಕ್ಟರು ಸೂಜಿ ಹಾಕಿದರು, ಇಳಿಯಲಿಲ್ಲ. ದಾವಣಗೆರೆಯ ದೊಡ್ಡ ದವಾಖಾನೆಗೆ ಮೊದಲ ಬಸ್ಸಿಗೆ ಕರೆದೊಯ್ಯುವುದೆಂದಾಯಿತು. ಅಪ್ಪ ಅವಳ ತೋಳು ಹಿಡಿದು ಎಬ್ಬಿಸಿದಾಗ ನೀಲಿ ಬಾಗಿಲಲ್ಲಿ ಕೈ ಚಾಚಿ ನಿಂತಿದ್ದಳು. ಬಿಲ್ಲೆ ಹಾಕದೆ ಯಾರೂ ಹೊರಡುವಂತಿಲ್ಲ. ಹಲಗೆಯ ಚಿತ್ರಗಳಲ್ಲಿ ದಾವಣಗೆರೆ ಇರಲಿಲ್ಲ, ದವಾಖಾನೆಯೂ ಇರಲಿಲ್ಲ. ನಮ್ಮ ಮನೆಗೆ ಅದರ ಅಗತ್ಯ ಅದುವರೆಗೆ ಬಿದ್ದಿರಲಿಲ್ಲ. ಅವ್ವ ಗೋಡೆ ಹಿಡಿದು ಹಲಗೆಯ ಬಳಿ ಬಂದು ತನ್ನ ಬಿಲ್ಲೆಯನ್ನು ಹೊಳೆಯ ಮೊಳೆಗೆ ಹಾಕಿದಳು.

"ಹೊಳಿ ಅಲ್ಲ ಕಣೇ," ಎಂದಳು ಅಜ್ಜಿ.

"ಇರ್ಲಿ ಬಿಡ್ರಿ ಅತ್ತೀ. ದವಾಖಾನಿ ಹೆಂಗೆ ಬರೀಲಿ ಈಗ? ಕೂಸು ಹೆದರ್ಕಂತೈತೆ. ಎರಡು ದಿನಕ್ಕೆ ಬಂದುಬಿಡ್ತೀನಿ."

ಅಂಗೈ ಜೋಡಿಸಿ ಕೆನ್ನೆಗಿಟ್ಟು ಕಣ್ಣು ಮುಚ್ಚಿದಳು, ತೆರೆದಳು. ನೀಲಿ ಕೈ ಕೆಳಗಿಳಿಸಿ ದಾರಿ ಬಿಟ್ಟಳು.

ಅವ್ವ ದವಾಖಾನೆಯಲ್ಲೇ ತೀರಿಕೊಂಡಳು. ಹೊರಗೆ ಪ್ರಾಣ ಹೋದವರ ದೇಹವನ್ನು ಮನೆಯೊಳಗೆ ತರುವ ರೂಢಿ ನಮ್ಮಲ್ಲಿ ಇರಲಿಲ್ಲ. ಓಣಿಯ ಬಾಯಲ್ಲಿ ಚಪ್ಪರ ಹಾಕಿ ಅವಳನ್ನು ಅಲ್ಲೇ ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿದರು. ನನ್ನನ್ನು ಕರೆದೊಯ್ದು ಪಾದ ಮುಟ್ಟಿಸಿದರು. ನೀಲಿಯನ್ನು ಹಿಂದಿನ ಓಣಿಯ ಮನೆಯೊಂದರಲ್ಲಿ ಆಟವಾಡಲು ಬಿಟ್ಟಿದ್ದರು. ತಿಳಿಸಿ ಹೇಳಲಾಗದ ಮಗು, ನೋಡಿ ಬೆದರಿದರೆ ಹಿಡಿಯುವವರಾರು ಎಂದು ಹಿರಿಯರು ಯೋಚಿಸಿದರು. ಯಾರದೂ ಕೆಟ್ಟ ಮನಸ್ಸಲ್ಲ. ಊರಾಚೆ, ಶೇಂಗಾ ಹೊಲಗಳನ್ನು ದಾಟಿದ ರುದ್ರಭೂಮಿಯಲ್ಲಿ ಅವ್ವನನ್ನು ಮಣ್ಣು ಮಾಡಿ ಬಂದೆವು. ಸಂಜೆ ನೀಲಿಯನ್ನು ಕರೆತಂದಾಗ ಮನೆ ತುಂಬ ಹೆಂಗಸರು. ಅವಳು ಎಲ್ಲರನ್ನೂ ಬೆರಗಿನಿಂದ ನೋಡಿ ನೇರ ಹಲಗೆಗೆ ಹೋದಳು. ಅವ್ವ ಹೊಳೆಯಲ್ಲಿದ್ದಳು. ನೀಲಿಗೆ ಸಮಾಧಾನವಾಯಿತು. ಆಮೇಲೆ ಅವಳು ಮಾಡಿದ್ದನ್ನು ನಾನು ಮರೆಯಲಾರೆ. ಅಳುತ್ತಿದ್ದ ಒಬ್ಬೊಬ್ಬ ಹೆಂಗಸಿನ ಕೈಹಿಡಿದು ಹಲಗೆಯ ಬಳಿಗೆ ಎಳೆದು ತಂದು, ಹೊಳೆಯ ಮೊಳೆಯನ್ನು ತೋರಿಸಿ, ಅಂಗೈ ಕೆನ್ನೆಗಿಟ್ಟು ಕಣ್ಣು ಮುಚ್ಚಿ ತೆರೆದಳು. ಅವರನ್ನು ಸಂತೈಸುತ್ತಿದ್ದಳು. ಹೆಂಗಸರು ಇನ್ನೂ ಜೋರಾಗಿ ಅತ್ತರು. ನೀಲಿಗೆ ಇವರ ದಡ್ಡತನ ಅರ್ಥವಾಗಲಿಲ್ಲ.

ಮರುದಿನ ಸಂಜೆ ಅವಳು ಕುರಿಮರಿಯ ಬಿಲ್ಲೆಯನ್ನು ಬಸ್ಸಿನ ಮೊಳೆಗೆ ಹಾಕಿ ನನ್ನ ಕೈಹಿಡಿದು ಸ್ಟ್ಯಾಂಡಿಗೆ ಹೊರಟಳು. ಹೊನ್ನಾಳಿ ಬಸ್ಸು ಬಂತು. ಫಲಕ ಓದಿ ಖಾತ್ರಿ ಮಾಡಿಕೊಂಡು ಬಾಗಿಲ ಪಕ್ಕ ನಿಂತು, ಇಳಿಯುವ ಪ್ರತಿ ಹೆಂಗಸಿನ ಮುಖ ನೋಡಿದಳು. ಬಸ್ಸು ಖಾಲಿಯಾಯಿತು. ನನ್ನನ್ನು ನೋಡಿ ಅಂಗೈ ಕೆನ್ನೆಗಿಟ್ಟಳು: ನಾಳೆ. ಆ ನಾಳೆಯೂ ಹೀಗೆಯೇ, ಅದರ ನಾಳೆಯೂ ಹೀಗೆಯೇ. ಕಂಡಕ್ಟರ್ ಬಸಣ್ಣ ಮಂಡಕ್ಕಿಯ ಪೊಟ್ಟಣ ತಂದು ಅವಳ ಕೈಗಿಡುತ್ತಿದ್ದ. ಅವಳು ಅದನ್ನು ಬಿಚ್ಚದೆ ಮನೆಗೆ ತಂದು ಅವ್ವನಿಗೆಂದು ಒಲೆಯ ಪಕ್ಕ ಇಡುತ್ತಿದ್ದಳು. ಅಪ್ಪ ಅಲ್ಲೇ ಡ್ಯೂಟಿಯ ಮೇಲೆ ಇರುತ್ತಿದ್ದ. ಎಲ್ಲ ಬಸ್ಸುಗಳ ಊರು ಕೂಗುವುದು ಅವನ ಕೆಲಸ. ಹೊನ್ನಾಳಿಯ ಬಸ್ಸು ಬಂದಾಗ ಮಾತ್ರ ಅಪ್ಪ ಕೂಗುವುದನ್ನು ಬಿಟ್ಟ. ಕೇಳಿಸದ ಮಗಳ ಮುಂದೆ ಆ ಊರಿನ ಹೆಸರೆತ್ತಲು ಅವನ ನಾಲಿಗೆ ಏಳಲಿಲ್ಲ. ಅಪ್ಪ ಕೂಗದಿದ್ದರೇನು? ಅವಳು ಓದುತ್ತಿದ್ದಳು. ಅವ್ವ ಕಲಿಸಿದ ಅಕ್ಷರವೇ ಅವಳನ್ನು ದಿನವೂ ಅಲ್ಲಿಗೆ ತಂದು ನಿಲ್ಲಿಸುತ್ತಿತ್ತು.

ಮನೆಯಲ್ಲಿ ಜಗಳ ಶುರುವಾಯಿತು. ಅಜ್ಜಿ ರೊಟ್ಟಿ ಬಡಿಯುತ್ತ, ತಟ್ಟೆಗೆ ಎಸೆಯುತ್ತ ಮಾತೆತ್ತುವಳು.

"ಆ ಬಿಲ್ಲೆ ತೆಗೆದು ಬೆಂಕಿಗೆ ಹಾಕು. ದಿನಾ ನೋಡಾಕೆ ಆಗಲ್ಲ ನನ್ನ ಕೈಯಾಗೆ."

"ತೆಗೆದ್ರೆ ಎಲ್ಲಿ ಅಂತ ಕೇಳ್ತಾಳೆ. ಏನ್ ಹೇಳ್ಲಿ?" ಎನ್ನುವನು ಅಪ್ಪ.

"ಶಿವನ ಪಾದ ಸೇರಿದ್ಲು ಅನ್ನು."

"ಹೆಂಗೆ ಬರೀಲವ್ವಾ ಅದನ್ನ? ಬಸ್ಸು ಬರೀಬೋದು, ಬಾವಿ ಬರೀಬೋದು. ಇದನ್ನ ಹೆಂಗೆ ಬರೀಲಿ? ನೀನೇ ಹೇಳು!"

ಅಜ್ಜಿ ಒಮ್ಮೆ ಪ್ರಯತ್ನಿಸಿಯೂ ನೋಡಿದಳು. ನೀಲಿಯನ್ನು ಅಂಗಳಕ್ಕೆ ಕರೆದೊಯ್ದು, ರೊಟ್ಟಿ ತಟ್ಟುವಂತೆ ಕೈ ಮಾಡಿ, ಮೇಲೆ ಆಕಾಶ ತೋರಿಸಿದಳು. ನೀಲಿ ತಲೆಯೆತ್ತಿ ಬಹಳ ಹೊತ್ತು ಹುಡುಕಿದಳು. ಒಂದು ಹದ್ದು ತೇಲುತ್ತಿತ್ತು. ಅದನ್ನು ಕಂಡು, ಅಜ್ಜಿ ತೋರಿಸಿದ್ದು ಇದನ್ನೇ ಎಂದು ನಕ್ಕು ಚಪ್ಪಾಳೆ ತಟ್ಟಿದಳು. ಅಜ್ಜಿ ಅಲ್ಲೇ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹಲಗೆಯ ಮೇಲೆ ಇಲ್ಲದ್ದು ನೀಲಿಯ ಪಾಲಿಗೆ ಜಗತ್ತಿನಲ್ಲೂ ಇರಲಿಲ್ಲ. ಹಲಗೆಯ ಮೇಲೆ ಇದ್ದದ್ದು ಸುಳ್ಳಾಗುವಂತಿರಲಿಲ್ಲ. ಬಾಯಿಮಾತಿನ ಸುಳ್ಳನ್ನು ಇನ್ನೊಂದು ಮಾತಿನಿಂದ ತಿದ್ದಬಹುದು. ಕೈಯಿಂದ ಮುಟ್ಟಿ ಕಲಿತ ಮಗುವಿಗೆ ಅದು ನಾಟುವುದಿಲ್ಲ. ಪರದೆಯ ಮುಂದೆ ರೇಖಾಳಿಗೆ ನಾನು ಹೇಳಬೇಕೆಂದಿದ್ದು ಇಷ್ಟೇ.

ಹೀಗಿರುವಾಗ ಒಂದು ಸಂಜೆ ಹೊನ್ನಾಳಿ ಬಸ್ಸಿನಿಂದ ಸರೋಜ ಚಿಗವ್ವ ಇಳಿದಳು. ನಮ್ಮನ್ನು ನೋಡಿಹೋಗಲು ಬಂದಿದ್ದಳು. ಸತ್ತವಳ ಸೀರೆಯನ್ನು ಕರ್ಮ ಮುಗಿದ ಮೇಲೆ ಒಡಹುಟ್ಟಿದವಳಿಗೆ ಕೊಡುವುದು ನಮ್ಮ ಮನೆಯ ಪದ್ಧತಿ. ಅವ್ವನ ಹಸಿರು ಸೀರೆ, ಹಳದಿ ಅಂಚಿನದು, ಚಿಗವ್ವನ ಪಾಲಿಗೆ ಬಂದಿತ್ತು. ಅಕ್ಕನ ಮನೆಗೆ ಅಕ್ಕನ ಸೀರೆಯುಟ್ಟು ಬರುವುದು ಗೌರವ ಎಂದು ಅದನ್ನೇ ಉಟ್ಟಿದ್ದಳು. ಅವಳು ಚೀಲ ಇಳಿಸಿಕೊಳ್ಳಲು ಬಸ್ಸಿನ ಕಡೆ ತಿರುಗಿ ನಿಂತಿದ್ದಳು. ನೀಲಿ ನನ್ನ ಕೈ ಕಿತ್ತುಕೊಂಡು ಓಡಿ ಹಿಂದಿನಿಂದ ಅವಳ ಮೊಳಕಾಲು ಅಪ್ಪಿ, ಸೀರೆಯಲ್ಲಿ ಮುಖ ಹುದುಗಿಸಿದಳು. ಗಂಟಲಿನಿಂದ ಒಂದು ದನಿ ಬಂತು. ಅಂಥ ದನಿ ಅವಳಿಂದ ನಾನು ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. ಚಿಗವ್ವ ತಿರುಗಿದಳು. ನೀಲಿ ತಲೆಯೆತ್ತಿದಳು.

ಅವಳು ಅಳಲಿಲ್ಲ. ಚಿಗವ್ವನನ್ನು ಬದಿಗೆ ತಳ್ಳಿ ಬಸ್ಸು ಹತ್ತಿದಳು. ಸೀಟುಗಳ ನಡುವೆ ಬಗ್ಗಿ ಬಗ್ಗಿ ನೋಡುತ್ತ ಹಿಂದಿನ ತುದಿಯವರೆಗೆ ಹೋದಳು. ಬಸಣ್ಣ ಬಾಗಿಲ ಕಂಬಿ ಹಿಡಿದು ನಿಂತಿದ್ದ.

"ಯಾರೂ ಇಲ್ಲ ಕಣವ್ವಾ. ಯಾರೂ ಇಲ್ಲ, ಇಳಿ ನಮ್ಮವ್ವಾ," ಎನ್ನುತ್ತಿದ್ದ, ಅವಳಿಗೆ ಕೇಳಿಸುತ್ತದೆ ಎಂಬಂತೆ.

ಇಳಿದು ಬಂದು ನೀಲಿ ಚಿಗವ್ವನ ಸೆರಗು ಹಿಡಿದಳು. ಸೀರೆ ಇಲ್ಲಿದೆ, ಅವ್ವ ಎಲ್ಲಿ? ಸೆರಗು ಜಗ್ಗಿ ಜಗ್ಗಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಚಿಗವ್ವ ಬಾಯಿಗೆ ಕೈ ಅಡ್ಡ ಹಿಡಿದಳು. ಅಪ್ಪ ಕೊರಳಿನಿಂದ ಸೀಟಿ ತೆಗೆದು ಬಸಣ್ಣನ ಕೈಗಿತ್ತ. ಹಿಂದೆ ಇನ್ನೊಂದು ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಡ್ಯೂಟಿಯ ನಡುವೆ ಅಪ್ಪ ಸ್ಟ್ಯಾಂಡು ಬಿಟ್ಟದ್ದು ಅದೊಂದೇ ಸಲ. ಮನೆಗೆ ಬಂದು ಹೊಳೆಯ ಮೊಳೆಯಿಂದ ಅವ್ವನ ಬಿಲ್ಲೆಯನ್ನು ತೆಗೆದುಕೊಂಡ, ನೀಲಿಯನ್ನು ಎತ್ತಿಕೊಂಡ, ನನಗೆ ಬಾ ಎಂದ.

ರುದ್ರಭೂಮಿಯಲ್ಲಿ ಅವ್ವನ ಗುಡ್ಡೆಯ ಮೇಲೆ ಹಾಕಿದ್ದ ಪತ್ರೆ ಒಣಗಿ ಸುರುಳಿಯಾಗಿತ್ತು. ಅಪ್ಪ ಬಿಲ್ಲೆಯನ್ನು ಗುಡ್ಡೆಯ ಮೇಲಿಟ್ಟು ಅದರ ಮೇಲೆ ಒಂದು ಹಿಡಿ ಮಣ್ಣು ಹಾಕಿದ. ನೀಲಿ ಕೂಡಲೇ ಮಣ್ಣು ಸರಿಸಿ ಬಿಲ್ಲೆ ಎತ್ತಿದಳು. ಅಪ್ಪ ಮತ್ತೆ ಮುಚ್ಚಿದ. ಅವಳು ಮತ್ತೆ ತೆಗೆದಳು. ಆಗ ಅಪ್ಪ, ಇಸ್ತ್ರಿ ಮಾಡಿದ ಅಂಗಿಗೆ ಎಂದೂ ಧೂಳು ತಾಗಿಸಿಕೊಳ್ಳದವನು, ಗುಡ್ಡೆಯ ಪಕ್ಕ ನೆಲದ ಮೇಲೆ ಮಲಗಿದ. ಅಂಗೈ ಜೋಡಿಸಿ ಕೆನ್ನೆಗಿಟ್ಟು ಕಣ್ಣು ಮುಚ್ಚಿದ. ನೀಲಿ ಕಾದಳು. ಅಪ್ಪ ತೆರೆಯಲಿಲ್ಲ. ಅವಳು ಬಗ್ಗಿ ಬೆರಳಿನಿಂದ ಅವನ ರೆಪ್ಪೆಗಳನ್ನು ಬಿಡಿಸಿದಳು. ಅಪ್ಪ ಗುಡ್ಡೆ ತೋರಿಸಿ, ಇಲ್ಲವೆಂದು ತಲೆಯಾಡಿಸಿ, ತನ್ನ ಕೈಯಿಂದಲೇ ರೆಪ್ಪೆ ಮುಚ್ಚಿದ. ಅವಳು ಬಿಡಿಸಿದಳು, ಅವನು ಮುಚ್ಚಿದ. ಎಷ್ಟು ಸಲವೋ ಲೆಕ್ಕವಿಲ್ಲ. ಕೊನೆಗೊಮ್ಮೆ ಅವಳ ಕೈ ಅವನ ರೆಪ್ಪೆಯ ಹತ್ತಿರ ಬಂದು ನಿಂತಿತು, ಬಿಡಿಸಲಿಲ್ಲ. ಮುಚ್ಚಿದ ಕಣ್ಣುಗಳ ಸಂದಿಯಿಂದ ನೀರು ಇಳಿಯುತ್ತಿತ್ತು. ನೀಲಿ ಅದನ್ನು ನೋಡಿದಳು, ಗುಡ್ಡೆಯನ್ನು ನೋಡಿದಳು, ಬಿಲ್ಲೆಯನ್ನು ಎದೆಗೊತ್ತಿಕೊಂಡು ಕುಳಿತಳು.

ಮನೆಗೆ ಬಂದ ಮೇಲೆ ಅಪ್ಪ ಒಲೆಯಿಂದ ಇದ್ದಿಲು ತೆಗೆದು ಹಲಗೆಯ ತುದಿಯಲ್ಲಿ, ಸೀಳಿದ ಜಾಗದ ಪಕ್ಕ, ಒಂದು ಗುಡ್ಡೆ ಬರೆದ. ಅಪ್ಪನಿಗೆ ಚಿತ್ರ ಬರುತ್ತಿರಲಿಲ್ಲ. ಬೋರಲು ಹಾಕಿದ ತಾಟಿನಂತಿತ್ತು. ಅದರ ಕೆಳಗೆ ಮೊಳೆ ಹೊಡೆದ. ನೀಲಿ ಬಂದು ಅವ್ವನ ಬಿಲ್ಲೆಯನ್ನು ಅದಕ್ಕೆ ಹಾಕಿದಳು. ಅಜ್ಜಿ ನಿಟ್ಟುಸಿರು ಬಿಟ್ಟಳು. ಮಗುವಿಗೆ ತಿಳಿಯಿತಲ್ಲ ಎಂದು ನಾವೆಲ್ಲ ಅಂದುಕೊಳ್ಳುವಷ್ಟರಲ್ಲಿ 
ಅವಳು ಒಲೆಯ ಮೊಳೆಯಿಂದ ತನ್ನ ಕುರಿಮರಿಯನ್ನು ತೆಗೆದು ಅವ್ವನ ಪಕ್ಕ ತೂಗುಹಾಕಿದಳು. ಬಾಗಿಲ ಕಡೆ ನಡೆದು ಅಪ್ಪನಿಗಾಗಿ ನಿಂತಳು. ಹೋಗೋಣ ಎಂಬಂತೆ.

ಅಪ್ಪ ಕುರಿಮರಿಯನ್ನು ತೆಗೆದು ಒಲೆಗೆ ಹಾಕಿದ. ಅವಳು ಬಂದು ಗುಡ್ಡೆಗೆ ಹಾಕಿದಳು. ಅಪ್ಪ ಮತ್ತೆ ಒಲೆಗೆ ತಂದ, ಈ ಸಲ ಬಿಲ್ಲೆಯ ಮೇಲೆ ತನ್ನ ಇಡೀ ಅಂಗೈ ಊರಿ ನಿಂತುಬಿಟ್ಟ. ನೀಲಿ ಅವನ ಬೆರಳುಗಳನ್ನು ಒಂದೊಂದಾಗಿ ಎತ್ತಲು ನೋಡಿದಳು. ಒಂದೂ ಏಳಲಿಲ್ಲ. ಆಗ ಅವಳು ಅತ್ತಳು. ಅವ್ವ ಹೋದ ಮೇಲೆ ಮೊದಲ ಬಾರಿ, ಹಣೆಯನ್ನು ಅಪ್ಪನ ಮೊಳಕಾಲಿಗೆ ಒತ್ತಿ ಅತ್ತಳು. ಅಪ್ಪ ಹಲಗೆಯಿಂದ ಕೈ ತೆಗೆಯಲಿಲ್ಲ. ಚಿಗವ್ವ ಬಡಿಸಿಟ್ಟ ರೊಟ್ಟಿ ಆರಿ ಹಪ್ಪಳವಾಯಿತು. ಅಂದು ನಮ್ಮ ಮನೆಯಲ್ಲಿ ಯಾವುದೂ ವೇಳೆಗೆ ನಡೆಯಲಿಲ್ಲ.

ಆಮೇಲೆ ಅವಳು ಹೊನ್ನಾಳಿ ಬಸ್ಸಿಗೆ ಹೋಗಲಿಲ್ಲ. ಕುರಿಮರಿ ಮಾತ್ರ ಬಹಳ ದಿನ ಬೆಳಗಾದರೆ ಗುಡ್ಡೆಯ ಮೊಳೆಯಲ್ಲಿ ಇರುತ್ತಿತ್ತು. ಅಪ್ಪ ಡ್ಯೂಟಿಗೆ ಹೊರಡುವ ಮುಂಚೆ ಮೊದಲು ಅದನ್ನು ಒಲೆಗೆ ತಂದು, ಆಮೇಲೆ ತನ್ನ ಸೀಟಿಯನ್ನು ಬಸ್ಸಿಗೆ ಹಾಕುತ್ತಿದ್ದ. ಯಾವಾಗ ನಿಂತಿತೋ ನನಗೆ ನೆನಪಿಲ್ಲ. ನೀಲಿ ಓದಿದಳು, ಬರೆದಳು, ಹೊಲಿಗೆ ಕಲಿತಳು. ನಾನು ಚನ್ನಗಿರಿಗೆ ಬಂದಾಗ ಅವಳೂ ಹಲಗೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದಳು. ಸವೆದ ಬಿಲ್ಲೆಗಳನ್ನು ಹೊಸ ರಟ್ಟಿನಲ್ಲಿ ಮತ್ತೆ ಬರೆಯುವಳು. ಅವ್ವನದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅಜ್ಜಿಯ ಕುಟ್ಟಣಿಯನ್ನು ಗುಡ್ಡೆಯ ಮೊಳೆಗೆ ಹಾಕಿದವಳು ಅವಳೇ. ಬಹಳ ವರ್ಷಗಳ ನಂತರ ಅಪ್ಪನ ಸೀಟಿಯನ್ನು ಹಾಕಿದವಳೂ ಅವಳೇ. ನೇರವಾಗಿ, ಒಂದೇ ಸಲಕ್ಕೆ. ಮನೆಯಲ್ಲಿ ಸಾವನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಕಲಿತವಳು ನನ್ನ ತಂಗಿ.

ಈ ವರ್ಷ ನೀಲಿ ಹೋದಳು. ಬಂದವರೆಲ್ಲ ಮರಳಿದ ಮೇಲೆ ಮನೆ ಗುಡಿಸಿ, ಚೊಂಬುಗಳನ್ನು ಬೋರಲು ಹಾಕಿ, ಚಾಪೆಗಳನ್ನು ಸುತ್ತಿಟ್ಟು ಹಲಗೆಯ ಮುಂದೆ ಬಂದೆ. ಒಲೆಯ ಮೊಳೆಯಲ್ಲಿ ಪಾಟಿ ಮತ್ತು ಕುರಿಮರಿ ಒಂದರ ಪಕ್ಕ ಒಂದು ಇದ್ದವು. ಕುರಿಮರಿಯ ಮೇಲೆ ಅಪ್ಪನಂತೆ ಅಂಗೈ ಊರಿ ನಿಂತೆ, ಎಷ್ಟು ಹೊತ್ತೋ. ನನ್ನ ಬೆರಳುಗಳನ್ನು ಎತ್ತಲು ಯಾರೂ ಬರಲಿಲ್ಲ. ಕೊನೆಗೆ ನಾನೇ ಎತ್ತಿದೆ. ಕುರಿಮರಿಯನ್ನು ತೆಗೆದು ಅವ್ವನ ಪಕ್ಕ, ನೀಲಿ ಅಂದು ಹಾಕಿದ್ದ ಜಾಗದಲ್ಲೇ ಹಾಕಿದೆ.

ಈ ಸಲ ಅದನ್ನು ಒಲೆಗೆ ಮರಳಿಸಲು ಅಪ್ಪ ಇರಲಿಲ್ಲ.